ಘಾಟಿ ಹತ್ತುವಾಗ ಮಾತ್ರ ಮಿಸ್ಸಿಂಗ್: ಇಸಿಯು ಬದಲಿಸುವ ಮೊದಲು ಇಷ್ಟು ನೋಡಿ

ಪ್ರಶ್ನೆ: ನಮ್ಮದು 2001ರ ಹೋಂಡಾ ಸಿಟಿ, 1.5 ಲೀಟರ್ ಪೆಟ್ರೋಲ್. ಅಪ್ಪ ಕೊಂಡ ಗಾಡಿ, 1,40,000 ಕಿ.ಮೀ. ಓಡಿದೆ. ಊರು ತೀರ್ಥಹಳ್ಳಿ. ಹೋದ ಮಳೆಗಾಲದಿಂದ ಒಂದು ಕಾಟ ಶುರುವಾಗಿದೆ. ಉಡುಪಿಯಿಂದ ವಾಪಸ್ ಬರುವಾಗ ಆಗುಂಬೆ ಘಾಟಿಯಲ್ಲಿ ಎರಡನೇ, ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮಿಸ್ಸಿಂಗ್ ಹೊಡೆಯುತ್ತದೆ. ಜರ್ಕ್ ಆಗುತ್ತದೆ, ಪಿಕಪ್ ಇರುವುದಿಲ್ಲ. ಕಾಲು ಸ್ವಲ್ಪ ಸಡಿಲ ಮಾಡಿದರೆ ಸರಿಹೋಗುತ್ತದೆ. ಸಮತಟ್ಟು ರಸ್ತೆಯಲ್ಲಿ ಏನೂ ಇಲ್ಲ. ಕೆಲವು ದಿನ ಘಾಟಿಯಲ್ಲೂ ಏನೂ ಇಲ್ಲ! ಮಳೆ, ಮಂಜು ಇದ್ದ ದಿನ ಜಾಸ್ತಿ. ಗ್ಯಾರೇಜಿನಲ್ಲಿ ಪ್ಲಗ್ ಬದಲಿಸಿದರು, ಇಂಜೆಕ್ಟರ್ ಕ್ಲೀನ್ ಮಾಡಿದರು, ಪೆಟ್ರೋಲ್ ಪಂಪ್ ಹೊಸದು ಹಾಕಿದರು. ಒಂದು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಚೆಕ್ ಇಂಜಿನ್ ಲೈಟ್ ಬಂದಿಲ್ಲ. ಸ್ಕ್ಯಾನರ್ ನಮ್ಮ ಗಾಡಿಗೆ ಕನೆಕ್ಟೇ ಆಗಲಿಲ್ಲ. ಈಗ ‘ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, ಹಳೇದೊಂದು ತರಿಸೋಣ’ ಅಂತಿದ್ದಾರೆ. ತರಿಸಬಹುದಾ?

ಉತ್ತರ: ಬೇಡ. ಈಗಲೇ ಬೇಡ. ಇಸಿಯು ಕೆಡುವುದೇ ಇಲ್ಲ ಅಂತಲ್ಲ, ಆದರೆ ಮಳೆ ಬಂದಾಗ ಘಾಟಿಯಲ್ಲಿ ಮಾತ್ರ ಕೆಟ್ಟು, ಕಾಲು ಸಡಿಲ ಮಾಡಿದ ಕೂಡಲೇ ರಿಪೇರಿಯಾಗುವ ಇಸಿಯು ಬಹಳ ಅಪರೂಪ. ನೀವು ಬರೆದ ನಾಲ್ಕು ಸಾಲಿನಲ್ಲೇ ಉತ್ತರದ ಮುಕ್ಕಾಲು ಭಾಗ ಇದೆ. ಏರು, ಒತ್ತಿದ ಆಕ್ಸಿಲರೇಟರ್, ತೇವ. ಈ ಮೂರೂ ಒಟ್ಟಿಗೆ ಸೇರಿದಾಗ ಮಿಸ್ಸಿಂಗ್ ಬರುತ್ತದೆ ಅಂದರೆ ನನ್ನ ಮೊದಲ ಅನುಮಾನ ಹೈ ವೋಲ್ಟೇಜ್ ಕರೆಂಟ್ ಹೋಗುವ ದಾರಿಯ ಮೇಲೆ. ಅಂದರೆ ಡಿಸ್ಟ್ರಿಬ್ಯೂಟರ್ (ಕಿಡಿಯ ಕರೆಂಟನ್ನು ಸರದಿಯಂತೆ ನಾಲ್ಕೂ ಸಿಲಿಂಡರ್‌ಗೆ ಹಂಚುವ ಭಾಗ) ಮೇಲಿನ ಕ್ಯಾಪ್, ಅದರೊಳಗೆ ತಿರುಗುವ ರೋಟರ್, ಪ್ಲಗ್ ವೈರ್, ಆ ವೈರಿನ ತುದಿಯಲ್ಲಿ ಪ್ಲಗ್ ಮೇಲೆ ಕೂರುವ ರಬ್ಬರ್ ಬೂಟ್.

ಯಾಕೆ ಅಂತ ಹೇಳುತ್ತೇನೆ. ಇದು ಅರ್ಥವಾದರೆ ಮುಂದಿನ ಟೆಸ್ಟ್‌ಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಪ್ಲಗ್‌ನ ಗ್ಯಾಪ್ ಸುಮಾರು ಒಂದು ಮಿಲಿಮೀಟರ್. ಅಷ್ಟು ಜಾಗವನ್ನು ಕಿಡಿ ದಾಟಬೇಕು. ಹೊರಗೆ ಬಯಲು ಗಾಳಿಯಲ್ಲಿ ದಾಟುವುದು ಸುಲಭ. ಸಿಲಿಂಡರ್ ಒಳಗೆ ಒತ್ತಡ ಜಾಸ್ತಿಯಾದಷ್ಟೂ ಕಷ್ಟ. ಐಡ್ಲಿಂಗ್‌ನಲ್ಲಿ ತ್ರಾಟಲ್ (ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಹೆಚ್ಚುಕಮ್ಮಿ ಮುಚ್ಚಿರುತ್ತದೆ, ಒಳಗೆ ಹೋಗುವ ಗಾಳಿ ಕಡಿಮೆ. ಆಗ ಸುಮಾರು 10,000 ವೋಲ್ಟ್ ಸಾಕು. ಘಾಟಿಯಲ್ಲಿ ಮೂರನೇ ಗೇರ್ ಹಾಕಿ ಕಾಲು ಪೂರ್ತಿ ಒತ್ತಿದಾಗ ಸಿಲಿಂಡರ್ ತುಂಬ ಗಾಳಿ. ಅದೇ ಗ್ಯಾಪ್ ದಾಟಲು 20,000 ವೋಲ್ಟ್‌ಗೂ ಮೇಲೆ ಬೇಕಾಗಬಹುದು. ಬ್ಯಾಟರಿಯ ವೋಲ್ಟೇಜ್ ಏರಿಸುವ ಕಾಯಿಲ್ ಅಷ್ಟು ಕೊಡುತ್ತದೆ, ಅದಕ್ಕೆ ಆ ತಾಕತ್ತು ಇದೆ. ಆದರೆ ವೋಲ್ಟೇಜ್ ಏರುತ್ತಾ ಹೋದಾಗ, ತೂಬು ಮುಚ್ಚಿದ ಕೆರೆಯ ನೀರು ಏರಿಯಲ್ಲಿ ಬಿರುಕು ಹುಡುಕುವ ಹಾಗೆ, ಕರೆಂಟ್ ಸುಲಭದ ದಾರಿ ಹುಡುಕುತ್ತದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಇಂಜಿನ್ ಶಾಖಕ್ಕೆ ಬೆಂದ ರಬ್ಬರ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಸಾಕು. ಅದರ ಮೇಲೆ ಮಂಜಿನ ತೇವ ಬೇರೆ. ಕಿಡಿ ಪ್ಲಗ್‌ಗೆ ಹೋಗುವ ಬದಲು ಪಕ್ಕದ ಲೋಹಕ್ಕೆ ಹಾರುತ್ತದೆ. ಆ ಸಲದ ಪೆಟ್ರೋಲ್ ಉರಿಯುವುದಿಲ್ಲ. ಕಾಲು ಸಡಿಲ ಮಾಡಿದ ಕೂಡಲೇ ಬೇಕಾದ ವೋಲ್ಟೇಜ್ ಇಳಿಯುತ್ತದೆ, ಕಿಡಿ ಮತ್ತೆ ಸರಿಯಾದ ಜಾಗಕ್ಕೆ ಬರುತ್ತದೆ.

ಗ್ಯಾರೇಜಿನಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ ಕಿವಿಗೊಟ್ಟರೆ ಏನೂ ಕೇಳಿಸದೇ ಇರುವುದು ಇದಕ್ಕೇ. ಒಣ ಜಾಗದಲ್ಲಿ, ಲೋಡ್ ಇಲ್ಲದೆ, ಐಡ್ಲಿಂಗ್‌ನಲ್ಲಿ ನಿಮ್ಮ ಗಾಡಿ ನಿಜಕ್ಕೂ ಚೆನ್ನಾಗಿಯೇ ಇದೆ. ಬಂದು ಹೋಗುವ ತೊಂದರೆಯನ್ನು ಹಿಡಿಯಬೇಕಾದರೆ ಅದು ಬರುವ ಸ್ಥಿತಿಯನ್ನು ನಾವೇ ತಯಾರು ಮಾಡಬೇಕು. ಅದನ್ನು ಬಿಟ್ಟು ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋದರೆ ದುಡ್ಡೂ ಹೋಗುತ್ತದೆ, ಏನು ಕೆಟ್ಟಿತ್ತು ಅನ್ನುವುದೂ ಕೊನೆಗೆ ಗೊತ್ತಾಗುವುದಿಲ್ಲ. ನಿಮ್ಮ ಪತ್ರ ಓದಿ ನನಗೆ ಬೇಜಾರಾಗಿದ್ದು ಅದಕ್ಕೆ. ಆ ಪೆಟ್ರೋಲ್ ಪಂಪ್ ಬಿಚ್ಚುವ ಮೊದಲು ಯಾರಾದರೂ ಪ್ರೆಶರ್ ಗೇಜ್ ಹಾಕಿ ನೋಡಿದ್ದರಾ? ನೀವು ಬರೆದದ್ದು ನೋಡಿದರೆ ಹಾಗೆ ಕಾಣುವುದಿಲ್ಲ.

ಹಾಗಾದರೆ ಪ್ಲಗ್ ಬದಲಿಸಿದ ಮೇಲೆ ಒಂದು ವಾರ ಯಾಕೆ ಚೆನ್ನಾಗಿತ್ತು ಅಂತ ಕೇಳಬಹುದು. ಹೊಸ ಪ್ಲಗ್‌ನ ಅಂಚು ಚೂಪಾಗಿರುತ್ತದೆ, ಗ್ಯಾಪ್ ಕೂಡ ಸವೆದ ಪ್ಲಗ್‌ಗಿಂತ ಕಡಿಮೆ. ಹಾಗಾಗಿ ಕಡಿಮೆ ವೋಲ್ಟೇಜ್‌ನಲ್ಲೇ ಕಿಡಿ ಬರುತ್ತದೆ. ಜೊತೆಗೆ ವೈರ್ ಎಳೆದು ಹಾಕುವಾಗ ಬೂಟ್ ಒರೆಸಿರುತ್ತಾರೆ, ಒಳಗಿನ ತೇವ ಹೋಗಿರುತ್ತದೆ. ಆ ವಾರ ಮಳೆ ಬಿಟ್ಟಿತ್ತಾ ಅಂತಲೂ ನೆನಪು ಮಾಡಿಕೊಳ್ಳಿ.

ಸ್ಕ್ಯಾನರ್ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ನಮ್ಮ ದೇಶದಲ್ಲಿ ಕಾರುಗಳಿಗೆ ಓಬಿಡಿ (ಗಾಡಿ ತನ್ನ ದೋಷವನ್ನು ತಾನೇ ಗುರುತಿಸಿ ಸ್ಕ್ಯಾನರ್‌ಗೆ ಹೇಳುವ ವ್ಯವಸ್ಥೆ) ಕಡ್ಡಾಯವಾಗಿದ್ದು 2010ರ ಏಪ್ರಿಲ್‌ನಲ್ಲಿ. ಅದರ ಎರಡನೇ ಹಂತ ಬಂದಿದ್ದು 2013ರ ಏಪ್ರಿಲ್‌ನಲ್ಲಿ. ಈಗಿನ ಕಾರುಗಳು ಕ್ರ್ಯಾಂಕ್ (ಇಂಜಿನ್‌ನ ಮುಖ್ಯ ಶಾಫ್ಟ್) ತಿರುಗುವ ವೇಗದಲ್ಲಿ ಆಗುವ ಸಣ್ಣ ಏರುಪೇರು ಲೆಕ್ಕ ಹಾಕಿ ‘3ನೇ ಸಿಲಿಂಡರ್ ಮಿಸ್ ಆಗ್ತಿದೆ’ ಅಂತ ಕೋಡ್ ಕೊಡುತ್ತವೆ. ನಿಮ್ಮ ಕಾಲದ ಗಾಡಿಯಿಂದ ಅದನ್ನು ನಿರೀಕ್ಷಿಸಬೇಡಿ. ಆ ಕಾಲದ ಹೋಂಡಾಗಳಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಎರಡು ಪಿನ್‌ನ ಸರ್ವಿಸ್ ಕನೆಕ್ಟರ್ ಇರುತ್ತಿತ್ತು. ಅದನ್ನು ಒಂದು ತುಂಡು ವೈರಿನಿಂದ ಜೋಡಿಸಿ ಕೀ ಆನ್ ಮಾಡಿದರೆ ಚೆಕ್ ಇಂಜಿನ್ ಲೈಟ್ ಮಿಣುಕಿ ಕೋಡ್ ಹೇಳುತ್ತದೆ. ಉದ್ದ ಮಿಣುಕು ಹತ್ತು, ಗಿಡ್ಡ ಮಿಣುಕು ಒಂದು. 15 ಬಂದರೆ ಇಗ್ನಿಷನ್ ಔಟ್‌ಪುಟ್ ಸಿಗ್ನಲ್. 4, 8, 9 ಬಂದರೆ ಡಿಸ್ಟ್ರಿಬ್ಯೂಟರ್ ಒಳಗಿನ ಸೆನ್ಸರ್‌ಗಳು. ಹಳೇ ಹೋಂಡಾ ಗೊತ್ತಿರುವ ಮೆಕ್ಯಾನಿಕ್ ಐದು ನಿಮಿಷದಲ್ಲಿ ಇದನ್ನು ನೋಡುತ್ತಾರೆ. ಏನೂ ಬರದಿದ್ದರೆ ಆಶ್ಚರ್ಯಪಡಬೇಡಿ. ಬೂಟ್ ಸೀಳಿದ್ದು ಇಸಿಯುಗೆ ಕಾಣುವುದಿಲ್ಲ.

ಮೊದಲ ಕೆಲಸ ನಿಮ್ಮದೇ, ಖರ್ಚಿಲ್ಲ. ಗಾಡಿಯಲ್ಲಿ ಒಂದು ಪುಸ್ತಕ, ಪೆನ್ನು ಇಡಿ. ಮಿಸ್ಸಿಂಗ್ ಬಂದಾಗ ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ: ಇಂಜಿನ್ ತಣ್ಣಗಿತ್ತಾ ಬಿಸಿಯಿತ್ತಾ, ಮಳೆಯಾ ಬಿಸಿಲಾ, ಯಾವ ಗೇರ್, ಎಷ್ಟು ಆರ್‌ಪಿಎಂ, ಎಸಿ ಆನ್ ಇತ್ತಾ, ಟ್ಯಾಂಕ್‌ನಲ್ಲಿ ಪೆಟ್ರೋಲ್ ಎಷ್ಟಿತ್ತು, ಎಲ್ಲಿ ಹಾಕಿಸಿದ್ದು. ಕಾಲು ಟ್ಯಾಂಕ್ ಇದ್ದಾಗ ಮಾತ್ರ ಬರುತ್ತದೆ, ಅದೂ ಹಿಮ್ಮುರಿ ತಿರುವಿನಲ್ಲೇ ಬರುತ್ತದೆ ಅಂದರೆ ಕಥೆಯೇ ಬೇರೆ. ಪೆಟ್ರೋಲ್ ಒಂದು ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತಿರಬಹುದು. ಆಗುಂಬೆಯಲ್ಲಿ 14 ತಿರುವು ಇವೆಯಲ್ಲ, ಇದನ್ನು ನೋಡಲು ಅದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ.

ಇನ್ನೊಂದು ವಿಷಯವನ್ನು ಗಮನವಿಟ್ಟು ನೋಡಲೇಬೇಕು. ಮಿಸ್ಸಿಂಗ್ ಹೊಡೆಯುವ ಕ್ಷಣದಲ್ಲಿ ಆರ್‌ಪಿಎಂ ಮುಳ್ಳು ಏನು ಮಾಡುತ್ತದೆ? ನಿಮ್ಮ ಗಾಡಿಯಲ್ಲಿ ಆ ಮುಳ್ಳಿಗೆ ಸಿಗ್ನಲ್ ಹೋಗುವುದು ಡಿಸ್ಟ್ರಿಬ್ಯೂಟರ್ ಒಳಗಿದ್ದು ಕಾಯಿಲ್‌ನ ಕರೆಂಟ್ ಹಾಕಿ ಕಡಿಯುವ ಇಗ್ನೈಟರ್‌ನಿಂದ. ಗೇರ್‌ನಲ್ಲಿ ಗಾಡಿ ಓಡುತ್ತಿರುವಾಗಲೇ ಮುಳ್ಳು ದಿಢೀರನೆ ಕೆಳಗೆ ಬಿದ್ದು ಮತ್ತೆ ಎದ್ದರೆ, ಇಂಜಿನ್ ತಿರುಗುತ್ತಿದ್ದರೂ ಸಿಗ್ನಲ್ ಕಟ್ ಆಗಿದೆ ಅಂತ ಅರ್ಥ. ಆಗ ತೊಂದರೆ ಇಗ್ನೈಟರ್, ಕಾಯಿಲ್‌ಗೆ ಬರುವ ವೈರ್, ಇಗ್ನಿಷನ್ ಸ್ವಿಚ್ ಕಡೆ. ಮುಳ್ಳು ಸುಮ್ನೆ ಇಂಜಿನ್ ವೇಗದ ಜೊತೆ ನಿಧಾನ ಏರಿಳಿದರೆ ಕಾಯಿಲ್ ಕೆಲಸ ಮಾಡುತ್ತಿದೆ. ಆಚೆಗಿನ ಕ್ಯಾಪ್, ವೈರ್, ಪ್ಲಗ್ ಅಥವಾ ಪೆಟ್ರೋಲ್ ನೋಡಬೇಕು. ಫೋನ್‌ನಲ್ಲಿ ಮೀಟರ್ ಬೋರ್ಡ್‌ನ ವಿಡಿಯೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಪಕ್ಕದವರು ತೆಗೆಯಲಿ, ನೀವಲ್ಲ.

ಮುಳ್ಳು ಬೀಳುತ್ತಿಲ್ಲ ಅಂತಲೇ ಇಟ್ಟುಕೊಳ್ಳೋಣ. ಈಗ ಮಳೆಯನ್ನು ಮನೆಗೇ ತರಿಸೋಣ. ರಾತ್ರಿ, ಪೂರ್ತಿ ಕತ್ತಲಾದ ಮೇಲೆ, ಗಾಡಿಯನ್ನು ಹೊರಗೆ ಬಯಲಲ್ಲಿ ನಿಲ್ಲಿಸಿ. ಶೆಡ್ ಒಳಗೆ ಬೇಡ. ಪೆಟ್ರೋಲ್ ವಾಸನೆ ಇದ್ದರೆ ಈ ಟೆಸ್ಟ್ ಮಾಡಲೇಬೇಡಿ, ಮೊದಲು ಲೀಕ್ ಹುಡುಕಿ. ನ್ಯೂಟ್ರಲ್‌ನಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಬಾನೆಟ್ ಎತ್ತಿ, ಟಾರ್ಚ್ ಆರಿಸಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಗಿಡಕ್ಕೆ, ಇಸ್ತ್ರಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಇರುತ್ತದಲ್ಲ, ಅದರಲ್ಲಿ ಸಣ್ಣ ಮಂಜಿನ ಹಾಗೆ ನೀರನ್ನು ಮೊದಲು ಒಂದೊಂದೇ ಪ್ಲಗ್ ವೈರಿನ ಉದ್ದಕ್ಕೂ, ಆಮೇಲೆ ಬೂಟ್‌ಗಳ ಬುಡಕ್ಕೆ, ಕೊನೆಗೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಮೇಲೆ ಹೊಡೆಯಿರಿ. ಸುರಿಯಬೇಡಿ, ಚಿಮುಕಿಸಿ. ಪ್ರತಿ ಜಾಗಕ್ಕೂ ಹೊಡೆದ ಮೇಲೆ ಇನ್ನೊಬ್ಬರಿಗೆ ಹೇಳಿ ಆಕ್ಸಿಲರೇಟರನ್ನು ಒಂದೆರಡು ಸಲ ಜೋರಾಗಿ ಒತ್ತಿ ಬಿಡಿಸಿ. ಒತ್ತಿದ ಆ ಕ್ಷಣ ಸಿಲಿಂಡರ್ ಒತ್ತಡ ಏರುತ್ತದೆ, ಘಾಟಿಯ ಲೋಡ್‌ನ ಒಂದು ತುಣುಕು ಸಿಗುತ್ತದೆ. ವೈರ್ ಲೀಕ್ ಇದ್ದರೆ ನೀಲಿ ಎಳೆಗಳು ಹಾರುವುದು ಬರಿಗಣ್ಣಿಗೆ ಕಾಣುತ್ತದೆ, ಜೊತೆಗೆ ಟಿಕ್ ಟಿಕ್ ಸದ್ದು. ಕೆಲವು ಸಲ ಹೊಳಪು ಕಾಣದೆ ಇಂಜಿನ್ ಮಾತ್ರ ಮುಗ್ಗರಿಸುತ್ತದೆ. ಅದೂ ಉತ್ತರವೇ. ಎಲ್ಲಿ ಚಿಮುಕಿಸಿದಾಗ ಮುಗ್ಗರಿಸಿತು ಅನ್ನುವುದನ್ನು ನೋಡಿಕೊಳ್ಳಿ.

ಕೈ ದೂರ ಇರಲಿ. ವೈರ್ ಮುಟ್ಟಬೇಡಿ. ಸೆರಗು, ದುಪಟ್ಟಾ, ಉದ್ದ ತೋಳು ಬೆಲ್ಟ್ ಹತ್ತಿರ ಬರಬಾರದು, ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಕೆಲಸದ ಹತ್ತಿರವೂ ನಿಲ್ಲಬಾರದು.

ಬೆಳಿಗ್ಗೆ, ಇಂಜಿನ್ ತಣ್ಣಗಿದ್ದಾಗ, ಬೂಟ್‌ಗಳನ್ನು ಒಂದೊಂದಾಗಿ ಹೊರಗೆ ತೆಗೆಯಿರಿ. ವೈರ್ ಹಿಡಿದು ಎಳೆಯಬೇಡಿ, ಬೂಟ್ ಹಿಡಿದು ಸ್ವಲ್ಪ ತಿರುಗಿಸಿ ಮೇಲೆತ್ತಿ. ಮೊದಲೇ ನಾಲ್ಕಕ್ಕೂ ಟೇಪ್ ಅಂಟಿಸಿ ನಂಬರ್ ಬರೆದಿಡಿ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಬರುವ ಸರದಿ) 1-3-4-2, ತಪ್ಪಾಗಿ ಹಾಕಿದರೆ ಹೊಸ ತಲೆನೋವು. ನಿಮ್ಮ ಇಂಜಿನ್‌ನಲ್ಲಿ ಪ್ಲಗ್‌ಗಳು ವಾಲ್ವ್ ಕವರ್ ನಡುವೆ ಆಳವಾದ ಕೊಳವೆಯಲ್ಲಿ ಕೂತಿರುತ್ತವೆ. ಆ ಕೊಳವೆಯ ಸುತ್ತ ಒಂದು ರಬ್ಬರ್ ಸೀಲ್ ಇದೆ. ವಯಸ್ಸಾದ ಮೇಲೆ ಅದು ಗಟ್ಟಿಯಾಗಿ ಇಂಜಿನ್ ಆಯಿಲ್ ಬಿಡುತ್ತದೆ. ಟಾರ್ಚ್ ಹಾಕಿ ಒಳಗೆ ನೋಡಿ. ಬೂಟ್‌ನ ತುದಿ ಆಯಿಲ್‌ನಲ್ಲಿ ನೆನೆದಿದೆಯಾ? ಮುಟ್ಟಿದರೆ ಮೆತ್ತಗೆ, ಊದಿಕೊಂಡ ಹಾಗೆ ಇದೆಯಾ? ಇದ್ದರೆ ನಿಮ್ಮ ಅಪರಾಧಿ ಅರ್ಧ ಸಿಕ್ಕಿದ ಹಾಗೆ. ಇದು ಯಾವ ಕಂಪನಿಯ ತಪ್ಪೂ ಅಲ್ಲ, ರಬ್ಬರ್‌ನ ಆಯುಷ್ಯ ಅಷ್ಟೇ.

ಈಗ ಪ್ಲಗ್ ಬಿಚ್ಚಿ, ಬಿಳಿ ಪಿಂಗಾಣಿ ಭಾಗವನ್ನು ಬೆಳಕಿಗೆ ಹಿಡಿಯಿರಿ. ಮೇಲಿಂದ ಕೆಳಗೆ ಪೆನ್ಸಿಲ್‌ನಲ್ಲಿ ಎಳೆದಂಥ ತೆಳ್ಳನೆ ಕಪ್ಪು ಗೆರೆ ಕಂಡರೆ ಅದು ಕಿಡಿ ಹೊರಗಿನಿಂದ ಜಾರಿದ ಗುರುತು. ಬೂಟ್ ಒಳಗೂ ಅದರ ಜೋಡಿ ಗೆರೆ ಇರುತ್ತದೆ. ಬೂಟನ್ನು ಸ್ವಲ್ಪ ಅಗಲಿಸಿ ನೋಡಬೇಕು. ಈ ಗೆರೆ ಇಂಗಾಲ, ಅದರಲ್ಲಿ ಕರೆಂಟ್ ಹರಿಯುತ್ತದೆ. ಒರೆಸಿದರೆ ಹೋಗುವುದಿಲ್ಲ. ಹಳೇ ಬೂಟ್ ಹಾಗೇ ಇಟ್ಟು ಹೊಸ ಪ್ಲಗ್ ಹಾಕಿದರೆ ಸ್ವಲ್ಪ ದಿನದಲ್ಲಿ ಹೊಸ ಪ್ಲಗ್ ಮೇಲೂ ಅದೇ ಗೆರೆ ಮೂಡುತ್ತದೆ. ನಿಮ್ಮ ಗಾಡಿಯಲ್ಲಿ ಆಗಿದ್ದು ಬಹುಶಃ ಇದೇ. ಹಾಗೆಂದು ಪಿಂಗಾಣಿಯ ಬುಡದಲ್ಲಿ, ಕಬ್ಬಿಣದ ಅಂಚಿಗೆ ಹೊಂದಿಕೊಂಡು ಕಾಣುವ ಕಂದು ಉಂಗುರ ನೋಡಿ ಹೆದರಬೇಡಿ. ಅದು ಹೈ ವೋಲ್ಟೇಜ್‌ಗೆ ಅಂಟುವ ಧೂಳು, ಎಣ್ಣೆಯ ಕಲೆ. ಉದ್ದದ ಗೆರೆ ಮಾತ್ರ ಕೆಟ್ಟದ್ದು.

ವೈರ್‌ಗಳಿಗೆ ಮಲ್ಟಿಮೀಟರ್ ಹಿಡಿಯಿರಿ. ಈ ತರಹದ ಹೋಂಡಾ ವೈರ್‌ಗೆ ಗರಿಷ್ಠ 25 ಕಿಲೋ ಓಮ್ ಅಂತ ಲೆಕ್ಕ. ಉದ್ದದ ವೈರ್‌ಗೆ ಜಾಸ್ತಿ, ಗಿಡ್ಡದ್ದಕ್ಕೆ ಕಡಿಮೆ ಬರುವುದು ಸಹಜ. ಒಂದು ಮಾತ್ರ ಉಳಿದವುಗಳಿಗಿಂತ ತೀರಾ ಜಾಸ್ತಿ ತೋರಿಸಿದರೆ, ಅಥವಾ ವೈರನ್ನು ಬಳುಕಿಸಿದಾಗ ಅಂಕಿ ಕುಣಿದರೆ, ಒಳಗೆ ಕಡಿದಿದೆ. ಆದರೆ ಒಂದು ಮಾತು ನೆನಪಿರಲಿ. ಮೀಟರ್ ಒಳ್ಳೆ ಅಂಕಿ ತೋರಿಸಿದರೆ ವೈರ್ ಒಳ್ಳೆಯದು ಅಂತ ತೀರ್ಮಾನಿಸಬೇಡಿ. ಮೀಟರ್ ನೋಡುವುದು ಒಳಗಿನ ಎಳೆಯನ್ನು, ಅದೂ ಒಂಬತ್ತು ವೋಲ್ಟ್ ಬ್ಯಾಟರಿಯಿಂದ. ಹೊರಗಿನ ರಬ್ಬರ್ 20,000 ವೋಲ್ಟ್ ತಡೆಯುತ್ತದಾ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ನೀರಿನ ಟೆಸ್ಟ್ ಮೊದಲು ಹೇಳಿದ್ದು.

ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಒಳಗೆ ನೋಡಿ. ಅಲ್ಲಿ ನೋಡಬೇಕಾದದ್ದು ಬೇಕಾದಷ್ಟಿದೆ. ನಾಲ್ಕು ಅಂಚಿನ ಪಾಯಿಂಟ್‌ಗಳ ಮೇಲೆ ಬೂದು, ಬಿಳಿ ಪುಡಿ ಗಟ್ಟಿಯಾಗಿ ಕೂತಿದ್ದರೆ ಕಿಡಿ ಅಲ್ಲೇ ಒಂದು ಗ್ಯಾಪ್ ಹಾರಿ ಬಲ ಕಳೆದುಕೊಳ್ಳುತ್ತಿದೆ. ಪಾಯಿಂಟ್‌ನಿಂದ ಪಾಯಿಂಟ್‌ಗೆ ಕವಲೊಡೆದ ಕಪ್ಪು ಗೆರೆ ಇದ್ದರೆ ಕಿಡಿ ತಪ್ಪು ಸಿಲಿಂಡರ್‌ಗೆ ಹೋಗುತ್ತಿದೆ. ಒಳಗೆ ಕೆಂಪು, ತುಕ್ಕಿನಂಥ ಪುಡಿ ಹರಡಿದ್ದರೆ ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ಬೇರಿಂಗ್ ಸವೆಯುತ್ತಿದೆ. ಇದನ್ನು ಕಡೆಗಣಿಸಬೇಡಿ. ಬೇರಿಂಗ್ ಅಲುಗಾಡಿದರೆ ಒಳಗಿನ ಸೆನ್ಸರ್‌ಗಳಿಗೂ ಟೈಮಿಂಗ್ ತಪ್ಪುತ್ತದೆ, ಕೊನೆಗೆ ಅದು ಹಿಡಿದುಕೊಂಡರೆ ಗಾಡಿ ದಾರಿಯಲ್ಲೇ ನಿಲ್ಲುತ್ತದೆ. ಆಯಿಲ್ ಇದ್ದರೆ ಶಾಫ್ಟ್ ಸೀಲ್ ಹೋಗಿದೆ. ನೀರಿನ ಹನಿಗಳಿದ್ದರೆ ಕ್ಯಾಪ್‌ನ ರಬ್ಬರ್ ರಿಂಗ್ ಸರಿಯಾಗಿ ಕೂತಿಲ್ಲ. ಮಲೆನಾಡಿನ ಮಳೆಯಲ್ಲಿ ಆ ಒಂದು ರಿಂಗ್ ಇಲ್ಲದಿದ್ದರೆ ಸಾಕು, ಬೆಳಿಗ್ಗೆ ಗಾಡಿ ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ. ಪಾಯಿಂಟ್‌ಗಳನ್ನು ಉಪ್ಪು ಕಾಗದದಲ್ಲಿ ಉಜ್ಜಿ ಹಾಕುವುದು ನಮ್ಮಲ್ಲಿ ವಾಡಿಕೆ. ಊರು ತಲುಪಲು ಅದು ಸರಿ. ರಿಪೇರಿ ಅಂತ ಅದನ್ನೇ ನಂಬಬೇಡಿ, ಉಜ್ಜಿದಷ್ಟೂ ಗ್ಯಾಪ್ ಹೆಚ್ಚಾಗುತ್ತದೆ.

ಯಾವ ಸಿಲಿಂಡರ್ ಅಂತ ಹುಡುಕಲು ಹಲವರು ಇಂಜಿನ್ ಓಡುವಾಗಲೇ ಒಂದೊಂದು ಪ್ಲಗ್ ವೈರ್ ಕಿತ್ತು ನೋಡುತ್ತಾರೆ. ಕಾರ್ಬ್ಯುರೇಟರ್ ಕಾಲದ ಅಭ್ಯಾಸ. ದಯವಿಟ್ಟು ನಿಮ್ಮ ಗಾಡಿಗೆ ಇದನ್ನು ಮಾಡಲು ಬಿಡಬೇಡಿ. ಹೋಗಲು ದಾರಿ ಇಲ್ಲದ ವೋಲ್ಟೇಜ್ ಕಾಯಿಲ್, ಇಗ್ನೈಟರ್ ಮೇಲೆ ತಿರುಗಿ ಬೀಳುತ್ತದೆ, ಉರಿಯದ ಪೆಟ್ರೋಲ್ ಸೈಲೆನ್ಸರ್‌ನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗುತ್ತದೆ. ಬದಲಿಗೆ ಒಂದೊಂದೇ ಇಂಜೆಕ್ಟರ್‌ನ ಕನೆಕ್ಟರ್ ತೆಗೆದು ಹಾಕಿ. ಪೆಟ್ರೋಲೂ ನಿಲ್ಲುತ್ತದೆ, ಯಾರಿಗೂ ಶಾಕ್ ಇಲ್ಲ. ತೆಗೆದಾಗ ಇಂಜಿನ್ ನಡುಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ವ್ಯತ್ಯಾಸ ಇಲ್ಲದಿದ್ದರೆ ಅದೇ ಸತ್ತ ಸಿಲಿಂಡರ್. ತೊಂದರೆ ಇರುವ ಹೊತ್ತಿನಲ್ಲೇ ಇದನ್ನು ಮಾಡಬೇಕು, ಅಂದರೆ ನೀರು ಚಿಮುಕಿಸಿ ಮಿಸ್ಸಿಂಗ್ ಬರಿಸಿದ ಮೇಲೆ. ಆಮೇಲೆ ಆ ಸಿಲಿಂಡರ್‌ನ ಪ್ಲಗ್ ಅಥವಾ ಉದ್ದ ಹೊಂದುವ ವೈರನ್ನು ಪಕ್ಕದ ಸಿಲಿಂಡರ್‌ಗೆ ಅದಲುಬದಲು ಮಾಡಿ. ವೈರ್‌ನ ಇನ್ನೊಂದು ತುದಿಯನ್ನೂ ಕ್ಯಾಪ್‌ನಲ್ಲಿ ಬದಲಿಸಲು ಮರೆಯಬೇಡಿ. ಮಿಸ್ಸಿಂಗ್ ಕೂಡ ಜಾಗ ಬದಲಿಸಿದರೆ ಕಳ್ಳ ಸಿಕ್ಕಿದ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು ಅಂತ ಹೇಳಲು ಆಗುವುದಿಲ್ಲ.

ಇಲ್ಲಿ ಇನ್ನೊಂದು ತಪ್ಪು ದಾರಿಯ ಬಗ್ಗೆ ಹೇಳಲೇಬೇಕು. ಪ್ಲಗ್ ಬಿಚ್ಚಿದಾಗ ಒಂದು ಕಪ್ಪಾಗಿ ಮಸಿ ಹಿಡಿದಿದ್ದರೆ ‘ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಇಂಜೆಕ್ಟರ್ ಕ್ಲೀನ್ ಮಾಡಿ’ ಅನ್ನುತ್ತಾರೆ. ಆದರೆ ಕಿಡಿ ತಪ್ಪಿದ ಸಿಲಿಂಡರ್‌ನಿಂದ ಉರಿಯದ ಆಮ್ಲಜನಕ ಹಾಗೇ ಹೊರಬರುತ್ತದೆ. ಎಕ್ಸಾಸ್ಟ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ‘ಪೆಟ್ರೋಲ್ ಕಡಿಮೆಯಾಗಿದೆ’ ಅಂತ ಇಸಿಯುಗೆ ಹೇಳುತ್ತದೆ. ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಪ್ಲಗ್ ಕಪ್ಪಾಗಿದ್ದು ಮಿಸ್ಸಿಂಗ್‌ಗೆ ಕಾರಣ ಅಲ್ಲ, ಮಿಸ್ಸಿಂಗ್‌ನಿಂದ ಆಗಿದ್ದು. ಒಂದೇ ಪ್ಲಗ್ ಕಪ್ಪಾಗಿದ್ದರೆ ಮೊದಲು ಆ ಸಿಲಿಂಡರ್‌ನ ಕಿಡಿ ನೋಡಬೇಕು.

ಪೆಟ್ರೋಲ್ ವಿಷಯಕ್ಕೆ ಬರೋಣ. ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20 ಎಥೆನಾಲ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಸ್ವಲ್ಪ ಜಾಸ್ತಿ ಹಾಕಬೇಕು. ಸಮತಟ್ಟು ರಸ್ತೆಯಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಇದನ್ನು ಸರಿದೂಗಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಆ ಕಾಲದ ಇಸಿಯುಗಳು ಸೆನ್ಸರ್ ಮಾತು ಬಿಟ್ಟು ತಮ್ಮೊಳಗಿನ ಹಳೇ ಲೆಕ್ಕದ ಪ್ರಕಾರ ಪೆಟ್ರೋಲ್ ಕೊಡುತ್ತವೆ. ಆ ಲೆಕ್ಕ ಬರೆದಾಗ ನಮ್ಮಲ್ಲಿ ಇ20 ಇರಲಿಲ್ಲ. ಹಾಗಾಗಿ ಘಾಟಿಯಲ್ಲಿ ಮಿಶ್ರಣ ಸ್ವಲ್ಪ ತೆಳುವಾಗಬಹುದು. ತೆಳು ಮಿಶ್ರಣಕ್ಕೆ ಕಿಡಿ ಹೊತ್ತಿಸಲು ಇನ್ನೂ ಜಾಸ್ತಿ ವೋಲ್ಟೇಜ್ ಬೇಕು. ಆದ್ದರಿಂದ ಎಲ್ಲದಕ್ಕೂ ಇ20 ಕಾರಣ ಅನ್ನುವವರ ಮಾತು ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ಹಳೇ ವೈರ್‌ನ ದೌರ್ಬಲ್ಯವನ್ನು ಅದು ಎತ್ತಿ ತೋರಿಸುತ್ತದೆ. ವೈರ್, ಕ್ಯಾಪ್ ಚೆನ್ನಾಗಿದ್ದರೆ ಇಷ್ಟು ಬದಲಾವಣೆಗೆ ಮಿಸ್ಸಿಂಗ್ ಬರಬಾರದು.

ಎಥೆನಾಲ್ ನೀರು ಎಳೆದುಕೊಳ್ಳುತ್ತದೆ ಅನ್ನುವುದು ನಿಜ. ಮಳೆಗಾಲದಲ್ಲಿ ಒಂದು ಬಂಕ್‌ನಲ್ಲಿ ಹಾಕಿಸಿದ ಮೇಲೆ ತೊಂದರೆ ಶುರುವಾಯಿತು ಅಂತ ನಿಮ್ಮ ಪುಸ್ತಕ ಹೇಳಿದರೆ, ಸ್ವಲ್ಪ ಪೆಟ್ರೋಲ್ ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಅಲುಗಿಸದೆ ಇಡಿ. ಕೆಳಗೆ ಬೇರೆ ಪದರ ಕೂತರೆ ಟ್ಯಾಂಕ್ ಖಾಲಿ ಮಾಡಿಸಬೇಕು. ಪಂಪ್ ಹೊಸದು ಅಂದಿರಿ. ಪೆಟ್ರೋಲ್ ಫಿಲ್ಟರ್ ಬದಲಿಸಿದರಾ? ಅದು ಕಟ್ಟಿಕೊಂಡಿದ್ದರೂ ಏರಿನಲ್ಲಿ ಗಾಡಿ ಸೊರಗುತ್ತದೆ. ಆದರೆ ಅದರ ಗುಣವೇ ಬೇರೆ: ಶಕ್ತಿ ಮೆಲ್ಲಗೆ ಇಳಿಯುತ್ತದೆ, ಕಾಲು ಸಡಿಲ ಮಾಡಿದರೂ ಚೇತರಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಕಿಡಿಯ ತೊಂದರೆ ಹಾಗಲ್ಲ, ಹೊಡೆದ ಹಾಗೆ ಬರುತ್ತದೆ, ತಕ್ಷಣ ಹೋಗುತ್ತದೆ. ಪ್ರೆಶರ್ ಗೇಜ್ ಹಾಕಿ ನೋಡಿಸಿ, ಊಹೆ ಬೇಡ.

ಆರ್‌ಪಿಎಂ ಮುಳ್ಳು ಬೀಳುತ್ತಿದೆ, ಅದೂ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅಂದರೆ ಇಗ್ನೈಟರ್, ಕಾಯಿಲ್ ಕಡೆ ತಿರುಗಿ. ಬಿಸಿಯಾದಾಗ ಕೈಕೊಟ್ಟು ತಣ್ಣಗಾದ ಮೇಲೆ ಏನೂ ಆಗದ ಹಾಗೆ ಓಡುವುದು ಇಗ್ನೈಟರ್‌ನ ಸ್ವಭಾವ. ಡಿಸ್ಟ್ರಿಬ್ಯೂಟರ್‌ಗೆ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ ತೊಂದರೆ ಬರಿಸಬಹುದು. ಬಂದರೆ ಅನುಮಾನ ಖಚಿತವಾಯಿತು. ಹಾಗೇ ಅರ್ಥಿಂಗ್ ನೋಡಿಸಿ. ಇಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್, ಬ್ಲೋಅರ್ ಹಾಕಿ, ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್‌ನ ಬರಿ ಲೋಹಕ್ಕೆ ಇಡಿ. 0.1 ವೋಲ್ಟ್ ಒಳಗಿರಬೇಕು. ಅರ್ಧ ವೋಲ್ಟ್ ತೋರಿಸಿದರೆ ಅರ್ಥಿಂಗ್ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ. ಇದು ಹತ್ತು ನಿಮಿಷದ ಕೆಲಸ, ಆದರೂ ಎಷ್ಟೋ ಗ್ಯಾರೇಜ್‌ಗಳಲ್ಲಿ ಯಾರೂ ಮಾಡುವುದಿಲ್ಲ. ಮಲೆನಾಡಿನಲ್ಲಿ ಇನ್ನೊಂದು ಕಾಟ ಇಲಿ. ಅಡಿಕೆ ಮನೆಯ ಪಕ್ಕದ ಶೆಡ್‌ನಲ್ಲಿ ನಿಲ್ಲುವ ಗಾಡಿ ಅಂದರೆ ವೈರಿಂಗ್ ಹಾರ್ನೆಸ್ ಉದ್ದಕ್ಕೂ ಒಮ್ಮೆ ಟಾರ್ಚ್ ಹಿಡಿದು ನೋಡಲೇಬೇಕು. ಅರ್ಧ ಕಡಿದ ಒಂದು ವೈರ್ ಗಾಡಿ ಅಲುಗಿದಾಗ ಮಾತ್ರ ಬಿಟ್ಟು ಬಿಟ್ಟು ಸೇರುತ್ತದೆ.

ಏರ್ ಲೀಕ್, ವಾಲ್ವ್, ಕಂಪ್ರೆಷನ್ (ಸಿಲಿಂಡರ್ ಗಾಳಿಯನ್ನು ಅದುಮುವ ಒತ್ತಡ) ಬಗ್ಗೆ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಲಕ್ಷಣ ಅವಕ್ಕೆ ಹೊಂದುವುದಿಲ್ಲ. ಅವು ಸಾಮಾನ್ಯವಾಗಿ ಐಡ್ಲಿಂಗ್‌ನಲ್ಲಿ ಕಾಡುತ್ತವೆ, ರೇಸ್ ಮಾಡಿದರೆ ಕಡಿಮೆಯಾಗುತ್ತವೆ. ನಿಮ್ಮದು ತಿರುಗಾಮುರುಗ. ಆದರೂ ಈ ಇಂಜಿನ್‌ನಲ್ಲಿ ಟ್ಯಾಪೆಟ್ ಗ್ಯಾಪ್ (ವಾಲ್ವ್ ತೆರೆಯುವ ಭಾಗದಲ್ಲಿ ಬಿಡುವ ಸಂದು) ಕೈಯಲ್ಲೇ ಅಡ್ಜಸ್ಟ್ ಮಾಡುವಂಥದ್ದು, ಸೀಲ್ ಬದಲಿಸಲು ವಾಲ್ವ್ ಕವರ್ ಬಿಚ್ಚಿದಾಗ ತಣ್ಣಗಿನ ಇಂಜಿನ್‌ನಲ್ಲಿ ಅದನ್ನೂ ನೋಡಿಸಿಬಿಡಿ. ಯಾರಾದರೂ ವ್ಯಾಕ್ಯೂಮ್ ಗೇಜ್ (ಇಂಜಿನ್ ಗಾಳಿ ಎಳೆಯುವ ಬಲವನ್ನು ಪಾದರಸದ ಇಂಚಿನಲ್ಲಿ ಅಳೆಯುವ ಮೀಟರ್) ಹಾಕಿ ‘ರೀಡಿಂಗ್ ಕಡಿಮೆ ಇದೆ, ಇಂಜಿನ್ ಸವೆದಿದೆ’ ಅಂದರೆ ಒಂದು ಲೆಕ್ಕ ನೆನಪಿರಲಿ. ಪುಸ್ತಕದ ಅಂಕಿ ಸಮುದ್ರ ಮಟ್ಟದ್ದು. ಸಾವಿರ ಅಡಿ ಮೇಲೆ ಹೋದ ಹಾಗೆ ಸುಮಾರು ಒಂದು ಇಂಚು ಇಳಿಯುತ್ತದೆ. ಉಡುಪಿಯಲ್ಲಿ 20 ತೋರಿಸಿದ ಗಾಡಿ ತೀರ್ಥಹಳ್ಳಿಯಲ್ಲಿ 18, ಬೆಂಗಳೂರಿನಲ್ಲಿ 17 ತೋರಿಸಿದರೆ ಅದು ಆರೋಗ್ಯವಾಗಿಯೇ ಇದೆ. ಕಂಪ್ರೆಷನ್‌ನಲ್ಲೂ ಒಟ್ಟು ಅಂಕಿಗಿಂತ ನಾಲ್ಕು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ನೂರಕ್ಕೆ 10–15ರೊಳಗೆ ಇದ್ದರೆ ಚಿಂತೆ ಬೇಡ.

ನಾನು ನಿಮ್ಮ ಜಾಗದಲ್ಲಿದ್ದರೆ ನೀರಿನ ಟೆಸ್ಟ್ ಮಾಡಿ, ಲೀಕ್ ಕಂಡರೆ ನಾಲ್ಕೂ ವೈರ್, ಕ್ಯಾಪ್, ರೋಟರ್, ಕ್ಯಾಪ್‌ನ ರಿಂಗ್, ಪ್ಲಗ್ ಕೊಳವೆಯ ಸೀಲ್‌ಗಳನ್ನು ಒಟ್ಟಿಗೇ ಹಾಕಿಸುತ್ತಿದ್ದೆ. ‘ಒಂದು ಸಲಕ್ಕೆ ಒಂದೇ’ ಅಂದದ್ದು ಹುಡುಕುವಾಗ. ಸಿಕ್ಕಿದ ಮೇಲೆ ಒಂದೇ ವಯಸ್ಸಿನ ರಬ್ಬರ್‌ಗಳನ್ನು ಅರ್ಧ ಬಿಡುವುದರಲ್ಲಿ ಅರ್ಥವಿಲ್ಲ. ಪ್ಲಗ್‌ಗಳ ಮೇಲೆ ಗೆರೆ ಮೂಡಿದ್ದರೆ ಅವನ್ನೂ ಬದಲಿಸಿ, ಹಾಕುವ ಮೊದಲು ಗ್ಯಾಪ್ ಅಳೆಯಿರಿ. ಹೆಡ್ ಅಲ್ಯುಮಿನಿಯಂ, ಹಾಗಾಗಿ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ ಆಮೇಲೆ ಸ್ಪ್ಯಾನರ್ ಹಾಕಬೇಕು. ಪಾರ್ಟ್ ಕೊಳ್ಳುವಾಗ ತೀರಾ ಅಗ್ಗದ ಡೂಪ್ಲಿಕೇಟ್ ಕ್ಯಾಪ್ ಬೇಡವೇ ಬೇಡ. ಮಲೆನಾಡಿನ ಒಂದು ಮಳೆಗಾಲ ಅದು ತಡೆಯುವುದಿಲ್ಲ. ಹಳೇ ಪಾರ್ಟ್‌ಗಳನ್ನು ಕೇಳಿ ಮನೆಗೆ ತನ್ನಿ, ಗೆರೆಗಳನ್ನು ನಿಮ್ಮ ಕಣ್ಣಲ್ಲೇ ನೋಡಿ.

ಅಲ್ಲಿಯವರೆಗೆ ಮಿಸ್ಸಿಂಗ್ ಹೊಡೆಯುತ್ತಿರುವ ಗಾಡಿಯನ್ನು ಒತ್ತಿ ಒತ್ತಿ ಘಾಟಿ ಹತ್ತಿಸಬೇಡಿ. ಉರಿಯದ ಪೆಟ್ರೋಲ್ ಕನ್ವರ್ಟರ್‌ನೊಳಗೆ ಹೋಗಿ ಅಲ್ಲಿ ಉರಿಯುತ್ತದೆ, ಒಳಗಿನ ಜೇನುಗೂಡು ಕರಗಿ ಕಟ್ಟಿಕೊಂಡರೆ ವೈರ್‌ನ ಹತ್ತು ಪಟ್ಟು ಖರ್ಚು. ಮಿಸ್ ಆದರೆ ಕೆಳಗಿನ ಗೇರ್‌ಗೆ ಬಂದು, ಕಾಲು ಹಗುರ ಮಾಡಿ, ನಿಧಾನ ಹತ್ತಿ. ಮೇಲೆ ಬಂದ ಮೇಲೆ ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ, ಕನ್ವರ್ಟರ್ ಕೆಂಡದ ಹಾಗೆ ಕಾದಿರುತ್ತದೆ.

ಇಷ್ಟೆಲ್ಲ ಆದ ಮೇಲೂ ತೊಂದರೆ ಉಳಿದರೆ ಇಸಿಯು ಮಾತು ಎತ್ತೋಣ. ಆಗಲೂ ಮೊದಲು ಅದರ ಕನೆಕ್ಟರ್ ತೆಗೆದು ಪಿನ್‌ಗಳ ಮೇಲೆ ಹಸಿರು ಕಿಲುಬು ಇದೆಯಾ, ಕಾರ್ಪೆಟ್ ಕೆಳಗೆ ಮಳೆ ನೀರು ಸೇರಿದೆಯಾ ನೋಡಿ. ಬೇರೆ ಇಸಿಯು ತಂದರೆ ದುಡ್ಡು ಕೊಡುವ ಮುಂಚೆ ಹಾಕಿ, ಮಳೆ ಬರುವ ದಿನ ಘಾಟಿಯ ಬುಡದ ಸೋಮೇಶ್ವರದಿಂದ ಆಗುಂಬೆಗೆ ಹತ್ತಿಸಿ ನೋಡಲು ಒಪ್ಪಿದರೆ ಮಾತ್ರ ತರಿಸಿ. ಪುಸ್ತಕದಲ್ಲಿ ಬರೆದಿದ್ದು, ಮೀಟರ್ ಬೋರ್ಡ್‌ನ ವಿಡಿಯೋ, ಪ್ಲಗ್‌ಗಳ ಫೋಟೋ ಕಳಿಸಿಕೊಟ್ಟರೆ ಮುಂದಿನದನ್ನು ಅವನ್ನು ನೋಡಿಯೇ ಹೇಳುತ್ತೇನೆ.